ಮೇಘನಾದ ಸಹಾರ ಸಮೀಕರಣವನ್ನು ಬಳ್ಳಾರಿ ಬಿಸಿಲಲ್ಲಿ ನೋಡುವುದು

ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಡಬ್ಬಿ ಮಾಡೋಣ. ಬೇಕಾದದ್ದು 30 ಸೆಂ.ಮೀ. ರಟ್ಟಿನ ಡಬ್ಬಿ, ಎರಡು ಶೇವಿಂಗ್ ಬ್ಲೇಡು, ಹಳೆಯ ಸಿಡಿ. ಸಿಡಿಯ ಬೆಳ್ಳಿ ಬಣ್ಣದ ಪದರಕ್ಕೆ ಗೀರು ಹಾಕಿ, ಟೇಪ್ ಅಂಟಿಸಿ ಕಿತ್ತು, ಅಂಚಿನ ಕಡೆಯ 2 ಸೆಂ.ಮೀ. ಚೂರು ಕತ್ತರಿಸಿ. ಡಬ್ಬಿಯ ಒಂದು ತುದಿಗೆ ಬ್ಲೇಡುಗಳನ್ನು 0.2 ಮಿ.ಮೀ. ಸಂದು ಬಿಟ್ಟು ಅಂಟಿಸಿ, ಇನ್ನೊಂದಕ್ಕೆ ಸಿಡಿ ಚೂರು. ಅದರ ಗೆರೆಗಳು ಸಂದಿಗೆ ಸಮಾನಾಂತರವಾಗಿರಲೇಬೇಕು. ಕೆಟ್ಟರೆ ಬಹುತೇಕ ಇಲ್ಲೇ. ಸಂದು ಅಗಲವಾದರೆ ಬಣ್ಣದ ಪಟ್ಟಿಯಲ್ಲಿ ಕಾಣಬೇಕಾದ ಗೆರೆಗಳೆಲ್ಲ ಕಲಸಿಹೋಗುತ್ತವೆ. ಒಳಗೆ ಕಪ್ಪು ಕಾಗದ ಹಚ್ಚಿ. ಸಿಡಿಗೆ ನಮ್ಮೂರ ಗಣಿ ಧೂಳು ಕೂರದಂತೆ ನೋಡಿಕೊಳ್ಳಿ.

ಸೂರ್ಯನನ್ನು ನೇರ ನೋಡಬಾರದು, ಕಣ್ಣು ಹೋಗುತ್ತದೆ. ಬಿಸಿಲು ಬಿದ್ದ ಸುಣ್ಣದ ಗೋಡೆಯತ್ತ ಸಂದು ತಿರುಗಿಸಿ, ಸುಮಾರು 20 ಡಿಗ್ರಿ ಓರೆಯಾಗಿ ಇಣುಕಿ. ಹಳದಿಯಲ್ಲಿ 589 ನ್ಯಾನೊಮೀಟರ್ ತರಂಗಾಂತರದ ಹತ್ತಿರ ಸಣ್ಣ ಕಪ್ಪು ಗೆರೆ: ಸೂರ್ಯನಲ್ಲಿರುವ ಸೋಡಿಯಂ ಅಷ್ಟು ಬೆಳಕನ್ನು ಹೀರಿದ ಗುರುತು. ಸ್ಪಿರಿಟ್ ದೀಪಕ್ಕೆ ಉಪ್ಪು ಉದುರಿಸಿದರೆ ಅದೇ ಜಾಗದಲ್ಲಿ ಹೊಳೆಯುವ ಗೆರೆ.

ಬಿಸಿ ನಕ್ಷತ್ರಗಳಲ್ಲಿ ಈ ಗೆರೆ ಮಂಕು. ಸೋಡಿಯಂ ಇಲ್ಲವೆಂದಲ್ಲ, ತಾಪಕ್ಕೆ ಅದರ ಪರಮಾಣುವಿನಿಂದ ಎಲೆಕ್ಟ್ರಾನ್ ಕಳಚಿರುತ್ತದೆ (5.14 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಸಾಕು). ಎಷ್ಟು ಕಳಚುತ್ತದೆಂದು ತಾಪ, ಒತ್ತಡದಿಂದ ಲೆಕ್ಕ ಹಾಕುವ ಸಮೀಕರಣ ಕೊಟ್ಟವರು ಭಾರತದ ಭೌತವಿಜ್ಞಾನಿ ಸಹಾ, 1920ರಲ್ಲಿ. ನೊಬೆಲ್‌ಗೆ ಹೆಸರು ಹೋಯಿತು, ಬರಲಿಲ್ಲ. ಅದೇ ಸಮೀಕರಣ ಹಿಡಿದು 1925ರಲ್ಲಿ ಖಗೋಳವಿಜ್ಞಾನಿ ಸಿಸಿಲಿಯಾ ಪೇನ್, ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಹೆಚ್ಚೆಂದು ತೋರಿಸಿದರು.