ಅಧ್ಯಕ್ಷೀಯ ಟಿಕೆಟ್‌ಗೆ ಜೋಡಿ ಹುಡುಕುವುದು ಹೇಗೆ?

ನಾಲ್ಕು ವರ್ಷಕ್ಕೊಮ್ಮೆ ಜುಲೈ ಬಂತೆಂದರೆ ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮ ಫೋನ್ ಮಾಡಿ ಲೆಕ್ಕ ಒಪ್ಪಿಸುತ್ತಾನೆ. ಅಧ್ಯಕ್ಷ ಅಭ್ಯರ್ಥಿ ಉತ್ತರದವರಾದರೆ ಜೊತೆಗೆ ಉಪಾಧ್ಯಕ್ಷ ಸ್ಥಾನಕ್ಕೆ ದಕ್ಷಿಣದವರು ಬೇಕು, ವಯಸ್ಸಾದವರಾದರೆ ಚಿಕ್ಕವರು ಬೇಕು, ಇಂಥ ರಾಜ್ಯದವರಾದರೆ ಇಷ್ಟು ಮತ ಖಾತ್ರಿ. ಡಿಸಿಎಂ ಹುದ್ದೆಗೆ ಜಾತಿ, ಪ್ರದೇಶ ತೂಗುವುದನ್ನು ನೋಡುತ್ತಲೇ ಬೆಳೆದ ನಮಗೆ ಈ ಲೆಕ್ಕ ಬೇಗ ರುಚಿಸುತ್ತದೆ. ಆದರೆ ಅಮೆರಿಕದಲ್ಲಿ ಘಟಾನುಘಟಿಗಳೇ ಇಷ್ಟು ಮಾತ್ರ ಲೆಕ್ಕ ಹಾಕಿ, ಮಿಕ್ಕಿದ್ದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿ ಕೈ ಸುಟ್ಟುಕೊಂಡಿದ್ದಾರೆ. ಹಾಗಾಗಿ ಈ ಕೆಲಸವನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಓದುವಷ್ಟು ಹೊತ್ತು ನೀವೇ ಅಲ್ಲಿನ ಒಂದು ಪ್ರಮುಖ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಎಂದುಕೊಳ್ಳಿ.

ಅದಕ್ಕೂ ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಅಲ್ಲಿನ ಉಪಾಧ್ಯಕ್ಷ ಹುದ್ದೆ ನಮ್ಮ ಉಪರಾಷ್ಟ್ರಪತಿ ಹುದ್ದೆಯಂಥದ್ದಲ್ಲ. 1977ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ನಮ್ಮ ಬಿ.ಡಿ. ಜತ್ತಿಯವರು ಹಂಗಾಮಿಯಾಗಿ ಕೂತರು. ಜುಲೈನಲ್ಲಿ ನೀಲಂ ಸಂಜೀವ ರೆಡ್ಡಿ ಆಯ್ಕೆಯಾಗಿ ಬಂದರು, ಜತ್ತಿ ಎದ್ದರು. ಅಮೆರಿಕದಲ್ಲಿ ಅಧ್ಯಕ್ಷ ಸತ್ತಾಗ ಹಂಗಾಮಿ ಎಂಬುದಿಲ್ಲ. ಅಧ್ಯಕ್ಷ ಸತ್ತರೆ ಉಪಾಧ್ಯಕ್ಷನೇ ಪೂರ್ಣ ಅಧ್ಯಕ್ಷ, ಮಿಕ್ಕ ಅವಧಿಯೆಲ್ಲ ಅವನದೇ. ಹೀಗೆ ಎಂಟು ಬಾರಿ ಸಾವಿನಿಂದ, ಒಂದು ಬಾರಿ ನಿಕ್ಸನ್ ರಾಜೀನಾಮೆಯಿಂದ ಆಗಿದೆ. ಮುಂದಿನ ಪ್ರತಿ ಹೆಜ್ಜೆಯಲ್ಲೂ ಈ ಒಂಬತ್ತು ಸಲ ನಿಮ್ಮ ನೆನಪಿನಲ್ಲಿರಬೇಕು.

ಹೆಜ್ಜೆ 1: ಕಾನೂನು ನೋಡಿ

ಹುಟ್ಟಿನಿಂದ ಅಮೆರಿಕದ ಪ್ರಜೆ, ಕನಿಷ್ಠ 35 ವರ್ಷ, ದೇಶದಲ್ಲಿ 14 ವರ್ಷ ವಾಸ. ಅಧ್ಯಕ್ಷರಿಗಿರುವ ಅರ್ಹತೆಯೇ ಇಲ್ಲಿಯೂ. ಐದು ನಿಮಿಷದ ಕೆಲಸ.

ಎಡವುವುದು ಇನ್ನೊಂದು ನಿಯಮದಲ್ಲಿ. ಸಂವಿಧಾನದ 12ನೇ ತಿದ್ದುಪಡಿಯ ಪ್ರಕಾರ ಒಂದು ರಾಜ್ಯದ ಜನ ಆರಿಸುವ, ಅಧ್ಯಕ್ಷ ಉಪಾಧ್ಯಕ್ಷರಿಗೆ ಅಂತಿಮ ಮತ ಹಾಕುವ ಎಲೆಕ್ಟರ್‌ಗಳು ತಮ್ಮದೇ ರಾಜ್ಯದ ಇಬ್ಬರಿಗೂ ಮತ ಹಾಕುವಂತಿಲ್ಲ. 2000ದಲ್ಲಿ ಜಾರ್ಜ್ ಬುಷ್ ಟೆಕ್ಸಸ್‌ನ ಗವರ್ನರ್, ಅವರು ಆರಿಸಿದ ಡಿಕ್ ಚೇನಿ ಕೂಡ ಟೆಕ್ಸಸ್‌ನ ಡಲ್ಲಾಸ್ ವಾಸಿ. ಘೋಷಣೆಗೆ ಕೆಲವೇ ದಿನ ಮೊದಲು ಚೇನಿ ತಮ್ಮ ಮತದಾರ ನೋಂದಣಿಯನ್ನು ವಯೋಮಿಂಗ್‌ಗೆ ವರ್ಗಾಯಿಸಿಕೊಂಡರು. ಆ ವರ್ಷ ಬುಷ್‌ಗೆ ಸಿಕ್ಕಿದ್ದು 271 ಎಲೆಕ್ಟೋರಲ್ ಮತ, ಬೇಕಿದ್ದದ್ದು 270. ಟೆಕ್ಸಸ್‌ನ 32 ಮತ ಕೈತಪ್ಪಿದ್ದರೆ ಚೇನಿಗೆ ಬಹುಮತವೇ ಇರುತ್ತಿರಲಿಲ್ಲ.

ಹೆಜ್ಜೆ 2: ನಿಮ್ಮ ಕೊರತೆಯನ್ನು ಬರೆಯಿರಿ, ಭೂಪಟವನ್ನಲ್ಲ

ಒಂದು ಹಾಳೆ ತೆಗೆದುಕೊಂಡು ನಿಮಗೆ ಏನು ಗೊತ್ತಿಲ್ಲ, ಯಾರು ನಿಮ್ಮನ್ನು ನಂಬುವುದಿಲ್ಲ ಎಂದು ನಿಮ್ಮ ಕೈಯಾರೆ ಬರೆಯಿರಿ. ಸಲಹೆಗಾರರಿಂದ ಬರೆಸಬೇಡಿ. ಅವರು ನಿಮ್ಮ ಮುಖ ನೋಡಿ ಬರೆಯುತ್ತಾರೆ.

2008ರಲ್ಲಿ ಒಬಾಮ ಸೆನೆಟ್‌ಗೆ ಬಂದು ನಾಲ್ಕು ವರ್ಷವೂ ಆಗಿರಲಿಲ್ಲ. ಅವರು ಆರಿಸಿದ್ದು 1973ರಿಂದ ಸೆನೆಟ್‌ನಲ್ಲಿದ್ದ, ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರನ್ನು. ಬೈಡನ್ ಪ್ರತಿನಿಧಿಸುತ್ತಿದ್ದ ಡೆಲವೇರ್‌ನಲ್ಲಿದ್ದದ್ದು ಮೂರೇ ಎಲೆಕ್ಟೋರಲ್ ಮತ. 2016ರಲ್ಲಿ ಮೂರು ಮದುವೆಯಾದ, ಎಂದೂ ಸರ್ಕಾರಿ ಹುದ್ದೆಯಲ್ಲಿರದ ಟ್ರಂಪ್ ಅವರನ್ನು ಇವ್ಯಾಂಜೆಲಿಕಲ್ ಎಂಬ ಸಂಪ್ರದಾಯಸ್ಥ ಕ್ರೈಸ್ತ ಮತದಾರರು ಅನುಮಾನದಿಂದ ನೋಡುತ್ತಿದ್ದರು. ಅವರ ಪಕ್ಕ ಬಂದು ನಿಂತದ್ದು ಅದೇ ವಲಯದ, 12 ವರ್ಷ ಸಂಸತ್ತಿನಲ್ಲಿ ಕಳೆದ ಮೈಕ್ ಪೆನ್ಸ್. ಎರಡೂ ಕಡೆ ತುಂಬಿದ್ದು ಅಭ್ಯರ್ಥಿಯ ಕೊರತೆ.

ಭೂಪಟದ ಲೆಕ್ಕದವರು ಯಾವಾಗಲೂ ಹಿಡಿದುಕೊಳ್ಳುವುದು 1960. ಮಸಾಚುಸೆಟ್ಸ್‌ನ ಕೆನಡಿ ಟೆಕ್ಸಸ್‌ನ ಲಿಂಡನ್ ಜಾನ್ಸನ್ ಅವರನ್ನು ಜೊತೆಗಿಟ್ಟುಕೊಂಡು ಟೆಕ್ಸಸ್ ಅನ್ನು ಸುಮಾರು 46 ಸಾವಿರ ಮತಗಳಿಂದ ಗೆದ್ದರು. ನಿಜ. ಆದರೆ ಅದನ್ನೇ ನಕಲು ಮಾಡಿ 1988ರಲ್ಲಿ ಮಸಾಚುಸೆಟ್ಸ್‌ನ ಡುಕಾಕಿಸ್ ಟೆಕ್ಸಸ್‌ನ ಲಾಯ್ಡ್ ಬೆಂಟ್ಸನ್ ಅವರನ್ನು ಆರಿಸಿದರು, ಟೆಕ್ಸಸ್ ಸೋತರು. 2004ರಲ್ಲಿ ಕೆರಿ ನಾರ್ತ್ ಕ್ಯಾರೊಲಿನಾದ ಎಡ್ವರ್ಡ್ಸ್ ಅವರನ್ನು ಆರಿಸಿದರು, ಆ ರಾಜ್ಯ ಸೋತರು. 2012ರಲ್ಲಿ ರಾಮ್ನಿ ವಿಸ್ಕಾನ್ಸಿನ್‌ನ ಪಾಲ್ ರಯನ್ ಅವರನ್ನು ಆರಿಸಿದರು, ವಿಸ್ಕಾನ್ಸಿನ್ ಕೂಡ ಹೋಯಿತು. 1992ರಲ್ಲಿ ಕ್ಲಿಂಟನ್ ಈ ಲೆಕ್ಕವನ್ನೇ ಕಸದ ಬುಟ್ಟಿಗೆ ಹಾಕಿದರು. ತಾವು ಅರ್ಕನ್ಸಾ, ಜೊತೆಗಾರ ಅಲ್ ಗೋರ್ ಪಕ್ಕದ ಟೆನೆಸ್ಸಿ. ವಯಸ್ಸಿನಲ್ಲೂ ಹೆಚ್ಚುಕಡಿಮೆ ಓರಗೆಯವರು. ಆದರೆ ಕ್ಲಿಂಟನ್ ವಿಯೆಟ್ನಾಂಗೆ ಹೋಗಿರಲಿಲ್ಲ, ಗೋರ್ ಹೋಗಿ ಬಂದಿದ್ದರು. ಕ್ಲಿಂಟನ್‌ಗೆ ವಾಷಿಂಗ್ಟನ್ ಹೊಸದು, ಗೋರ್‌ಗೆ ಅಂಗೈ ಗೆರೆ. ನನ್ನ ಪ್ರಕಾರ ಇದೇ ಇತ್ತೀಚಿನ ಅತ್ಯುತ್ತಮ ಜೋಡಣೆ.

ಹೆಸರುಗಳನ್ನು ಒಂದೊಂದಾಗಿ ಜೋಡಿಸಿ ಮತ ಎಷ್ಟು ಏರುತ್ತದೆ ಎಂದು ಅಳೆಯುವ ಸಮೀಕ್ಷೆಗಳನ್ನು ನಿಮಗೆ ಮಾರಲು ಬರುತ್ತಾರೆ. ಕೊಳ್ಳಬೇಡಿ. ಹೆಸರೇ ಕೇಳದ ಗವರ್ನರ್ ಬಗ್ಗೆ ಫೋನಿನಲ್ಲಿ ಮತದಾರ ಕೊಡುವ ಉತ್ತರಕ್ಕೆ ಬೆಲೆಯಿಲ್ಲ.

ಈ ಹೆಜ್ಜೆಯಲ್ಲಿ ಇನ್ನೊಂದು ಅಪಾಯವಿದೆ. ಸಮತೋಲನ ಅತಿಯಾದರೆ ಜೋಡಿಯಲ್ಲಿ ಎರಡು ಸರ್ಕಾರಗಳು ಕೂತಿರುತ್ತವೆ. 1840ರಲ್ಲಿ ವಿಗ್ ಪಕ್ಷ ದಕ್ಷಿಣದ ಮತಕ್ಕಾಗಿ ಮಾಜಿ ಡೆಮಾಕ್ರಾಟ್ ಜಾನ್ ಟೈಲರ್ ಅವರನ್ನು ಜೋಡಿಸಿತು. ಅಧ್ಯಕ್ಷ ಹ್ಯಾರಿಸನ್ ಪ್ರಮಾಣವಚನವಾಗಿ ಒಂದೇ ತಿಂಗಳಿಗೆ, 1841ರ ಏಪ್ರಿಲ್ 4ರಂದು ತೀರಿಕೊಂಡರು. ಟೈಲರ್ ಬಂದವರೇ ವಿಗ್‌ಗಳ ಕನಸಾಗಿದ್ದ ಬ್ಯಾಂಕ್ ಮಸೂದೆಯನ್ನು ಎರಡೆರಡು ಬಾರಿ ತಿರಸ್ಕರಿಸಿದರು. ವೆಬ್‌ಸ್ಟರ್ ಒಬ್ಬರನ್ನು ಬಿಟ್ಟು ಇಡೀ ಸಂಪುಟ ರಾಜೀನಾಮೆ ಕೊಟ್ಟಿತು, ಪಕ್ಷವೇ ಅವರನ್ನು ಹೊರಹಾಕಿತು. 1864ರಲ್ಲಿ ಲಿಂಕನ್ ಜೊತೆ ಟೆನೆಸ್ಸಿಯ ಡೆಮಾಕ್ರಾಟ್ ಆಂಡ್ರೂ ಜಾನ್ಸನ್ ಇದ್ದರು. ಲಿಂಕನ್ ಹತ್ಯೆಯಾದ ಮೇಲೆ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೆ ಹಕ್ಕು ಕೊಡುವ ಪ್ರತಿಯೊಂದು ಪ್ರಯತ್ನಕ್ಕೂ ಅಡ್ಡಗಾಲಾದವರು ಈ ಜಾನ್ಸನ್. 1868ರ ಮಹಾಭಿಯೋಗದಲ್ಲಿ ಒಂದೇ ಮತದಿಂದ ಉಳಿದುಕೊಂಡರು. ಚುನಾವಣೆಯೊಂದಕ್ಕೆ ಮಾಡಿದ ಆ ಹೊಂದಾಣಿಕೆಗೆ ಲಕ್ಷಾಂತರ ಜನ ಬೆಲೆ ತೆತ್ತರು.

ಹೆಜ್ಜೆ 3: ಪಟ್ಟಿ

ಮೊದಲು ಹದಿನೈದು ಇಪ್ಪತ್ತು ಹೆಸರು, ಆಮೇಲೆ ಐದು. ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ ನಿಮ್ಮ ವಿರುದ್ಧ ನಿಂತವರನ್ನು ಖಂಡಿತ ಸೇರಿಸಿ. 1980ರಲ್ಲಿ ಹಿರಿಯ ಬುಷ್ ರೇಗನ್‌ರ ಆರ್ಥಿಕ ನೀತಿಯನ್ನು ಮಾಟಮಂತ್ರ ಎಂದಿದ್ದರು, ಕಮಲಾ ಹ್ಯಾರಿಸ್ 2019ರ ಚರ್ಚೆಯಲ್ಲಿ ಬೈಡನ್ ಅವರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡಿದ್ದರು. ಇಬ್ಬರೂ ಉಪಾಧ್ಯಕ್ಷರಾದರು. ಬೈಸಿಕೊಂಡದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದವರ ಹಳೆಯ ಕಡತಗಳನ್ನು ಪತ್ರಕರ್ತರು ಆಗಲೇ ಜಾಲಾಡಿರುತ್ತಾರೆ, ನಿಮ್ಮ ಅರ್ಧ ಕೆಲಸ ಮುಗಿದಿರುತ್ತದೆ.

ಹುಡುಕುವ ತಂಡದ ಮುಖ್ಯಸ್ಥರನ್ನೇ ಆರಿಸಬೇಡಿ. 2000ದಲ್ಲಿ ಬುಷ್‌ಗಾಗಿ ಹುಡುಕಲು ಹೊರಟವರೇ ಚೇನಿ. ಹೆಣ್ಣು ನೋಡಲು ಹೋದ ಮಧ್ಯಸ್ಥನೇ ಮದುಮಗನಾದರೆ, ಅವನ ಜಾತಕ ನೋಡುವವರು ಯಾರು?

ಹೆಜ್ಜೆ 4: ತಪಾಸಣೆ

ಇದಕ್ಕೆ ಕನಿಷ್ಠ ಒಂದು ತಿಂಗಳು ಇಡಿ. ಮಿಕ್ಕ ಎಲ್ಲ ಹೆಜ್ಜೆಗಳನ್ನು ಬೇಕಾದರೆ ಅವಸರದಲ್ಲಿ ಮಾಡಿ, ಇದನ್ನು ಮಾತ್ರ ಬೇಡ.

1972ರ ಜುಲೈ 13, ಮಯಾಮಿ ಬೀಚ್. ಡೆಮಾಕ್ರಾಟ್ ಸಮಾವೇಶದಲ್ಲಿ ಜಾರ್ಜ್ ಮೆಕ್‌ಗವರ್ನ್ ಹಿಂದಿನ ರಾತ್ರಿಯಷ್ಟೇ ಅಭ್ಯರ್ಥಿಯಾಗಿದ್ದರು. ಜೊತೆಗಾರನ ಹೆಸರು ಅಂದೇ ಹೇಳಬೇಕು. ಎಡ್ವರ್ಡ್ ಕೆನಡಿ ಒಪ್ಪಿಯೇ ಒಪ್ಪುತ್ತಾರೆಂದು ನಂಬಿ ಕೂತಿದ್ದರು, ಅವರು ಒಲ್ಲೆ ಎಂದರು. ಸೆನೆಟರ್ ವಾಲ್ಟರ್ ಮಾಂಡೇಲ್ ಒಲ್ಲೆ ಎಂದರು, ಸೆನೆಟರ್ ಗೇಲಾರ್ಡ್ ನೆಲ್ಸನ್ ಒಲ್ಲೆ ಎಂದರು. ಕೊನೆಗೆ ಮಿಸೌರಿಯ ಯುವ ಸೆನೆಟರ್ ಥಾಮಸ್ ಈಗಲ್ಟನ್‌ಗೆ ಫೋನ್ ಹೋಯಿತು. ನಿಮ್ಮ ಹಿನ್ನೆಲೆಯಲ್ಲಿ ಮುಚ್ಚಿಟ್ಟದ್ದೇನಾದರೂ ಇದೆಯೇ ಎಂದು ಮೆಕ್‌ಗವರ್ನ್ ಸಹಾಯಕ ಕೇಳಿದರು. ಇಲ್ಲ ಎಂಬ ಉತ್ತರ ಬಂತು. ತಪಾಸಣೆ ಅಲ್ಲಿಗೆ ಮುಗಿಯಿತು.

1960, 1964, 1966, ಹೀಗೆ ಮೂರು ಬಾರಿ ಈಗಲ್ಟನ್ ಖಿನ್ನತೆಗಾಗಿ ಆಸ್ಪತ್ರೆ ಸೇರಿದ್ದರು, ವಿದ್ಯುತ್ ಆಘಾತ ಚಿಕಿತ್ಸೆಯೂ ಆಗಿತ್ತು. ಹನ್ನೆರಡು ದಿನಕ್ಕೆ ಅದು ಬಯಲಾಯಿತು. ಸಾವಿರ ಪ್ರತಿಶತ ಅವರ ಹಿಂದಿದ್ದೇನೆ ಎಂದು ಮೆಕ್‌ಗವರ್ನ್ ಹೇಳಿದರು, ಜುಲೈ 31ರಂದು ಅವರನ್ನೇ ಇಳಿಸಿದರು. ಹದಿನೆಂಟು ದಿನದ ಅಭ್ಯರ್ಥಿ. ನವೆಂಬರ್‌ನಲ್ಲಿ ಮೆಕ್‌ಗವರ್ನ್ 49 ರಾಜ್ಯ ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಮಾತು ಕೊಟ್ಟು ತಪ್ಪಿದವನೆಂಬ ಹೆಸರು ಅಂಟಿದ್ದು ಇಲ್ಲಿಂದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಖಿನ್ನತೆಗೆ ಚಿಕಿತ್ಸೆ ಪಡೆದದ್ದು ತಪ್ಪಲ್ಲ, ನಾಚಿಕೆಯ ವಿಷಯವೂ ಅಲ್ಲ. ಅದೇ ಈಗಲ್ಟನ್ ಅವರನ್ನು ಮಿಸೌರಿಯ ಜನ 1974ರಲ್ಲೂ 1980ರಲ್ಲೂ ಮತ್ತೆ ಸೆನೆಟ್‌ಗೆ ಕಳಿಸಿದರು. ಮೊದಲೇ ಗೊತ್ತಿದ್ದರೆ, ವೈದ್ಯರ ಜೊತೆ ಮಾತಾಡಿ, ತಾವೇ ಮೊದಲ ದಿನ ಜನರಿಗೆ ಹೇಳಿ ಅವರನ್ನು ಉಳಿಸಿಕೊಳ್ಳುವ ದಾರಿಯಿತ್ತು. ಕೇಳದೇ ಇದ್ದದ್ದರಿಂದ ಇಬ್ಬರೂ ಕೆಟ್ಟರು.

ಆದ್ದರಿಂದ ‘ಮುಚ್ಚಿಟ್ಟದ್ದೇನಾದರೂ ಇದೆಯೇ’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರ ಉತ್ತರವೂ ‘ಇಲ್ಲ’ ಎಂದೇ. ಹಾಗನ್ನುವವರು ಸುಳ್ಳುಗಾರರೇ ಆಗಬೇಕಿಲ್ಲ, ತಮ್ಮ ಹಳೆಯ ಕಷ್ಟವನ್ನು ಯಾರೂ ಕಳಂಕ ಎಂದುಕೊಂಡಿರುವುದಿಲ್ಲ. ಬಿಡಿಬಿಡಿಯಾಗಿ ಕೇಳಿ. ಯಾವ ವರ್ಷ, ಯಾವ ಆಸ್ಪತ್ರೆಯಲ್ಲಿ ಎಷ್ಟು ರಾತ್ರಿ ಇದ್ದಿರಿ? ಇಂದು ಯಾವ ಮಾತ್ರೆ ನುಂಗುತ್ತೀರಿ? ಯಾವ ಯಾವ ನ್ಯಾಯಾಲಯದಲ್ಲಿ ನಿಮ್ಮ ಹೆಸರಿದೆ? ಸೈನ್ಯದಲ್ಲಿ ಎಲ್ಲಿದ್ದಿರಿ, ಅಲ್ಲಿ ಸೇರಿದ್ದು ಹೇಗೆ? 1988ರಲ್ಲಿ ಹಿರಿಯ ಬುಷ್ ತಮ್ಮ ಆಯ್ಕೆಯನ್ನು ಕೊನೆಯವರೆಗೂ ಗುಟ್ಟಾಗಿಟ್ಟು ಡ್ಯಾನ್ ಕ್ವೇಲ್ ಹೆಸರು ಹೇಳಿದರು. ವಿಯೆಟ್ನಾಂ ಕಾಲದಲ್ಲಿ, ಹೆಚ್ಚಾಗಿ ದೇಶದೊಳಗೇ ಉಳಿಯುತ್ತಿದ್ದ ಮೀಸಲು ಪಡೆ ನ್ಯಾಷನಲ್ ಗಾರ್ಡ್ ಸೇರಿದ್ದು ಹೇಗೆ ಎಂಬ ಪ್ರಶ್ನೆಗೆ ಕ್ವೇಲ್ ತಡವರಿಸಿದರು. ಪಕ್ಕದಲ್ಲಿ ಯಾರೂ ಉತ್ತರ ಸಿದ್ಧಪಡಿಸಿ ಇಟ್ಟಿರಲಿಲ್ಲ.

ಸಂಗಾತಿಯ ಹಣಕಾಸನ್ನೂ ಅಷ್ಟೇ ಕಟ್ಟುನಿಟ್ಟಾಗಿ ನೋಡಿ. 1984ರಲ್ಲಿ ಮಾಂಡೇಲ್ ಆರಿಸಿದ ಜೆರಾಲ್ಡಿನ್ ಫೆರಾರೊ ಪ್ರಮುಖ ಪಕ್ಷವೊಂದರ ಮೊದಲ ಮಹಿಳಾ ಉಪಾಧ್ಯಕ್ಷ ಅಭ್ಯರ್ಥಿ. ಆ ಸಂಭ್ರಮ ಒಂದು ತಿಂಗಳಿಗೇ ಅವರ ಗಂಡನ ರಿಯಲ್ ಎಸ್ಟೇಟ್ ವ್ಯವಹಾರದ, ತೆರಿಗೆ ಲೆಕ್ಕದ ಪ್ರಶ್ನೆಗಳಲ್ಲಿ ಮುಳುಗಿತು. ಆಗಸ್ಟ್ 21ರಂದು ಪತ್ರಕರ್ತರೆದುರು ಗಂಟೆಗಟ್ಟಲೆ ಕೂತು ಅವರು ಎಲ್ಲಕ್ಕೂ ಧೈರ್ಯವಾಗಿ ಉತ್ತರಿಸಿದರು. ಆ ಕಡತಗಳನ್ನು ಜೂನ್‌ನಲ್ಲೇ ಲೆಕ್ಕಪರಿಶೋಧಕರು ತಿರುವಿ ಹಾಕಿದ್ದರೆ ಇದು ಬೇಕಿರಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

2008ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್ ಮನಸ್ಸಿನಲ್ಲಿದ್ದವರು ಹಿಂದೆ ಎದುರು ಪಕ್ಷದ ಟಿಕೆಟ್‌ನಲ್ಲಿ ನಿಂತಿದ್ದ ಸೆನೆಟರ್ ಜೋ ಲೀಬರ್ಮನ್. ಪಕ್ಷ ಒಪ್ಪುವುದಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಆಗಸ್ಟ್ ಮುಗಿಯುತ್ತಿತ್ತು. ಬದಲಿಗೆ ಆರಿಸಿದ ಅಲಾಸ್ಕಾ ಗವರ್ನರ್ ಸಾರಾ ಪೇಲಿನ್ ಅವರ ಕಾಗದಪತ್ರ ನೋಡಲು ಕೆಲವೇ ದಿನ ಸಿಕ್ಕವು. ಆಗಸ್ಟ್ 28ರಂದು ಅರಿಜೋನಾದ ಮನೆಯಲ್ಲಿ ಮುಖಾಮುಖಿ, 29ರಂದು ಘೋಷಣೆ. ಯಾವ ಪತ್ರಿಕೆ ಓದುತ್ತೀರಿ ಎಂಬ ಟಿವಿ ಪ್ರಶ್ನೆಗೆ ಅವರು ಒಂದು ಹೆಸರೂ ಹೇಳಲಾರದೆ ಹೋದದ್ದನ್ನು ದೇಶವೇ ನೋಡಿತು. ಮೆಕೇನ್‌ಗೆ ಆಗ 72 ವರ್ಷ. ಅಭ್ಯರ್ಥಿಗೆ ವಯಸ್ಸಾದಷ್ಟೂ ಜೊತೆಗಾರರಿಗೆ ಕೇಳುವ ಪ್ರಶ್ನೆ ಹೆಚ್ಚಬೇಕು. ಆದದ್ದು ತಿರುಗಾಮುರುಗಾ. ಕಾಗದಪತ್ರದ ಪರಿಶೀಲನೆ ಹಗರಣವನ್ನು ಹಿಡಿಯುತ್ತದೆ, ಅರಿವಿನ ಕೊರತೆಯನ್ನು ಹಿಡಿಯುವುದಿಲ್ಲ. ಅದಕ್ಕೆ ಬೇರೆ ದಿನ, ಬೇರೆ ಜನ ಬೇಕು: ಮೂರು ಗಂಟೆ ಬಜೆಟ್, ಮೂರು ಗಂಟೆ ರಕ್ಷಣೆ, ಮೂರು ಗಂಟೆ ವಿದೇಶಾಂಗ.

ಕಾಲವೇ ಇಲ್ಲದಿದ್ದರೆ? 2024ರ ಜುಲೈ 21ರಂದು ಬೈಡನ್ ಹಿಂದೆ ಸರಿದರು, ಆಗಸ್ಟ್ 6ರಂದು ಹ್ಯಾರಿಸ್ ಅವರು ಟಿಮ್ ವಾಲ್ಜ್ ಹೆಸರು ಘೋಷಿಸಬೇಕಾಯಿತು. ನಡುವೆ ಎರಡು ವಾರ ಚಿಲ್ಲರೆ. ಅಂಥ ಸಂದರ್ಭದಲ್ಲಿ ದೇಶ ಮೊದಲೇ ನೋಡಿದ, ರಾಷ್ಟ್ರಮಟ್ಟದಲ್ಲಿ ಒಮ್ಮೆ ಸ್ಪರ್ಧಿಸಿದ ಮುಖವನ್ನೇ ಆರಿಸಿ. ವಾಲ್ಜ್ ಒಳ್ಳೆಯ ಗವರ್ನರ್. ಆದರೆ ಸೈನಿಕ ಸೇವೆಯ ಬಗ್ಗೆ ಅವರು ಹಿಂದೆ ಆಡಿದ್ದ ಮಾತುಗಳನ್ನು ವಿರೋಧಿಗಳು ಒಂದೆರಡು ದಿನದಲ್ಲೇ ಹೆಕ್ಕಿ ತೆಗೆದರು.

ಹೆಜ್ಜೆ 5: ಎದುರಾಬದುರು ಕೂರಿ

1976ರಲ್ಲಿ ಜಿಮ್ಮಿ ಕಾರ್ಟರ್ ನಾಲ್ಕು ವರ್ಷದ ಹಿಂದಿನ ಅನಾಹುತದಿಂದ ಕಲಿತಿದ್ದರು. ಸಮಾವೇಶಕ್ಕೆ ಒಂದು ತಿಂಗಳ ಮೊದಲೇ ಗೆಲುವು ಖಚಿತವಾಗಿದ್ದರಿಂದ ಜಾರ್ಜಿಯಾದ ಪ್ಲೇನ್ಸ್ ಎಂಬ ಪುಟ್ಟ ಊರಿನ ತಮ್ಮ ಮನೆಗೆ ಸೆನೆಟರ್‌ಗಳಾದ ಮಾಂಡೇಲ್, ಮಸ್ಕಿ, ಗ್ಲೆನ್ ಅವರನ್ನು ಕರೆಸಿಕೊಂಡು ನಿಧಾನವಾಗಿ ಮಾತಾಡಿದರು. ಹಾಗೇ ಮಾಡಿ, ಮನೆಗೆ ಕರೆಯಿರಿ. ಹೋಟೆಲ್ ಕೋಣೆಯಲ್ಲಿ ಎಲ್ಲರೂ ಅಭ್ಯರ್ಥಿಗಳೇ, ಊಟದ ಮೇಜಿನಲ್ಲಿ ಮನುಷ್ಯರು ಕಾಣುತ್ತಾರೆ. ನನ್ನ ಮಾತಿಗೆ ನೀವು ಯಾವಾಗ ಅಡ್ಡ ಬರುತ್ತೀರಿ ಎಂದು ಕೇಳಿ. ಎಂದೂ ಬರುವುದಿಲ್ಲ ಎಂದವರನ್ನು ಕೈಬಿಡಿ.

ಹೆಜ್ಜೆ 6: ಘೋಷಣೆ

ಆಯ್ಕೆಯಾಗದವರಿಗೆ ಮೊದಲು ನೀವೇ ಫೋನ್ ಮಾಡಿ, ಆಮೇಲೆ ವೇದಿಕೆ ಹತ್ತಿ.

ಹೆಜ್ಜೆ 7: ಗೆದ್ದ ಮೇಲೆ ಬಾಗಿಲು ತೆರೆದಿಡಿ

ಇದನ್ನು ಬಹಳ ಜನ ಹೆಜ್ಜೆಯೆಂದೇ ಎಣಿಸುವುದಿಲ್ಲ. 1944ರಲ್ಲಿ ರೂಸ್‌ವೆಲ್ಟ್ ಬಳಲಿದ್ದು ಪಕ್ಷದ ಮುಖಂಡರಿಗೆಲ್ಲ ಕಾಣುತ್ತಿತ್ತು. ಅದಕ್ಕೇ ಶಿಕಾಗೊ ಸಮಾವೇಶದಲ್ಲಿ ಆಗಿನ ಉಪಾಧ್ಯಕ್ಷ ವ್ಯಾಲೇಸ್ ಅವರನ್ನು ಬಿಟ್ಟು ಟ್ರೂಮನ್ ಅವರನ್ನು ತಂದರು. ತಂದ ಮೇಲೆ ಮರೆತರು. 1945ರ ಏಪ್ರಿಲ್ 12ರಂದು, ಉಪಾಧ್ಯಕ್ಷರಾಗಿ 82 ದಿನಕ್ಕೆ, ಟ್ರೂಮನ್ ಅಧ್ಯಕ್ಷರಾದರು. ಅಣುಬಾಂಬ್ ಯೋಜನೆಯ ಪೂರ್ತಿ ವಿವರ ಅವರಿಗೆ ಸಿಕ್ಕಿದ್ದು ಏಪ್ರಿಲ್ 25ಕ್ಕೆ. ಜಗತ್ತಿನ ಅತಿ ದೊಡ್ಡ ಯುದ್ಧ ನಡೆಸುತ್ತಿದ್ದ ದೇಶದಲ್ಲಿ, ಅಧ್ಯಕ್ಷನಾಗಲು ಒಂದೇ ಉಸಿರಿನಷ್ಟು ದೂರದಲ್ಲಿದ್ದವನಿಗೆ ಇದನ್ನು ಹೇಳಿರಲಿಲ್ಲ.

ಆದ್ದರಿಂದ ಕೆಲಸ ಏನೆಂಬುದು ಬರವಣಿಗೆಯಲ್ಲಿರಲಿ. ಕಾರ್ಟರ್ ಕೊನೆಗೆ ಆರಿಸಿದ ಮಾಂಡೇಲ್ ಹಾಗೆ ಮಾಡಿದರು. 1976ರ ಡಿಸೆಂಬರ್‌ನಲ್ಲಿ, ಇನ್ನೂ ಪ್ರಮಾಣವಚನವಾಗುವ ಮೊದಲೇ, ಉಪಾಧ್ಯಕ್ಷ ಏನು ಮಾಡಬೇಕು, ಯಾವ ಗುಪ್ತ ಮಾಹಿತಿ ನೋಡಬೇಕು, ಅಧ್ಯಕ್ಷರನ್ನು ಯಾವಾಗ ಕಾಣಬೇಕು ಎಂದು ಕಾರ್ಟರ್‌ಗೆ ಒಂದು ಟಿಪ್ಪಣಿ ಬರೆದುಕೊಟ್ಟರು. ಕಾರ್ಟರ್ ಓದಿ ಒಪ್ಪಿದರು. ಅಲ್ಲಿಯವರೆಗೆ ಪಕ್ಕದ ಕಟ್ಟಡದಲ್ಲಿ ಕೂರುತ್ತಿದ್ದ ಉಪಾಧ್ಯಕ್ಷರಿಗೆ ಶ್ವೇತಭವನದ ವೆಸ್ಟ್ ವಿಂಗ್‌ನಲ್ಲೇ, ತಮ್ಮ ಕಚೇರಿಯಿಂದ ಕೆಲವೇ ಹೆಜ್ಜೆ ದೂರದಲ್ಲಿ ಒಂದು ಕೋಣೆ ಕೊಟ್ಟರು.