ಅಪಘಾತದ ಪರಿಹಾರ: ಕ್ಲೇಮ್ ಕೇಸ್ ಹಾಕೋದು ಹೇಗೆ, ಸಿಗೋದೆಷ್ಟು?

ಮನೆಯವರೊಬ್ಬರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಕಾಗದಪತ್ರ ಹುಡುಕುವ ಮನಸ್ಸು ಯಾರಿಗಿರುತ್ತದೆ? ಆದರೂ ಕ್ಲೇಮ್ ಕೇಸ್ (ಗುದ್ದಿದ ಗಾಡಿಯವರಿಂದ, ಅದರ ವಿಮಾ ಕಂಪನಿಯಿಂದ ಪರಿಹಾರ ಕೇಳುವ ಕೇಸ್) ನಿಲ್ಲುವುದು ಬಹುಪಾಲು ಮೊದಲ ಒಂದೆರಡು ತಿಂಗಳಲ್ಲಿ ಸೇರಿಸಿಟ್ಟ ಕಾಗದಗಳ ಮೇಲೇ. ಭಾವನೋ ಚಿಕ್ಕಪ್ಪನೋ ಈ ಓಡಾಟ ವಹಿಸಿಕೊಂಡರೆ ಒಳ್ಳೆಯದು.

ಮೊದಲು ಪೊಲೀಸ್ ಸ್ಟೇಷನ್. ಎಫ್‌ಐಆರ್‌ನಲ್ಲಿ ಗುದ್ದಿದ ಗಾಡಿಯ ನಂಬರ್ ಸರಿಯಾಗಿದೆಯಾ ನೋಡಿ. ದೂರು ತಡವಾಗಿದ್ದರೆ, ನಂಬರ್ ಆಮೇಲೆ ಸೇರಿದ್ದರೆ, ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಹಿಡಿಯುವುದೇ ಅದನ್ನು. ಎಫ್‌ಐಆರ್ ಜೊತೆ ಸ್ಥಳ ಮಹಜರು, ಮರಣೋತ್ತರ ಪರೀಕ್ಷೆ ವರದಿ, ಚಾರ್ಜ್‌ಶೀಟ್, ಗಾಡಿಯ ಆರ್‌ಸಿ, ಇನ್ಶೂರೆನ್ಸ್ ಪ್ರತಿ, ಡ್ರೈವರ್‌ನ ಡಿಎಲ್ ಪ್ರತಿ ಬೇಕು. ಗಾಯಗೊಂಡ ಕೇಸಾದರೆ ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಆಸ್ಪತ್ರೆ ಕೊಡುವ ಪತ್ರ), ಡಿಸ್ಚಾರ್ಜ್ ಸಮ್ಮರಿ, ಮೆಡಿಕಲ್ ಶಾಪ್‌ನ ಸಣ್ಣ ಬಿಲ್ ಕೂಡ ಬಿಸಾಡಬೇಡಿ.

ಆರು ತಿಂಗಳ ಲೆಕ್ಕ ಮರೆಯಬೇಡಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿ ಹಾಕುವ ಈ ಅರ್ಜಿಯನ್ನು ಅಪಘಾತವಾದ ಊರಲ್ಲೇ ಹಾಕಬೇಕೆಂದಿಲ್ಲ, ನೀವು ವಾಸವಿರುವ ಕಡೆಯ ಕ್ಲೇಮ್ ನ್ಯಾಯಮಂಡಳಿಯಲ್ಲೂ (ಅಪಘಾತ ಪರಿಹಾರದ ಕೇಸ್ ನೋಡುವ ಕೋರ್ಟ್) ಆಗುತ್ತದೆ. ಹುಬ್ಬಳ್ಳಿ ಹತ್ತಿರ ಅಪಘಾತವಾಗಿದ್ದರೂ ಮೈಸೂರಿನವರು ಮೈಸೂರಲ್ಲೇ ಹಾಕಬಹುದು.

ಈಗ ದುಡ್ಡಿನ ಲೆಕ್ಕ. ಇದನ್ನು ಜಡ್ಜ್ ಸುಮ್ನೆ ಅಂದಾಜಲ್ಲಿ ಬರೆಯುವುದಿಲ್ಲ. ಸುಪ್ರೀಂ ಕೋರ್ಟ್‌ನ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಥಿ ತೀರ್ಪುಗಳಲ್ಲಿ ಸೂತ್ರವೇ ಇದೆ. 34 ವರ್ಷದ ಗಾರೆ ಮೇಸ್ತ್ರಿ, ತಿಂಗಳಿಗೆ 15,000 ರೂಪಾಯಿ ದುಡಿಮೆ, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅಂತ ಇಟ್ಟುಕೊಳ್ಳಿ. ಸ್ವಂತ ದುಡಿಮೆಯವರು 40ರೊಳಗಿದ್ದರೆ ಮುಂದೆ ಆದಾಯ ಹೆಚ್ಚುತ್ತಿತ್ತು ಅಂತ ಶೇ 40 ಸೇರಿಸುತ್ತಾರೆ, 21,000 ಆಯಿತು. ಅವಲಂಬಿತರು ನಾಲ್ವರಾದ್ದರಿಂದ ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಇದನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಗುಣಕ ವಯಸ್ಸಿನ ಮೇಲೆ ನಿಂತಿದೆ. ಅವನ ವಯಸ್ಸಿಗೆ ಅದು 16, ಅಂದರೆ 30,24,000 ರೂಪಾಯಿ. ಅಂತ್ಯಕ್ರಿಯೆ ಖರ್ಚು, ಹೆಂಡತಿ ಮಕ್ಕಳು ತಾಯಿ ಕಳೆದುಕೊಂಡ ಆಸರೆ, ಇವಕ್ಕೆಲ್ಲ ಬೇರೆ ಮೊತ್ತ ಉಂಟು.

ಅದೇ ಮೇಸ್ತ್ರಿಯ ಆದಾಯಕ್ಕೆ ಪುರಾವೆ ಇಲ್ಲದೆ ನ್ಯಾಯಮಂಡಳಿ 12,000 ಮಾತ್ರ ಒಪ್ಪಿತು ಅನ್ನಿ. ಮೊತ್ತ 24,19,200ಕ್ಕೆ ಇಳಿಯುತ್ತದೆ. ತಿಂಗಳಿಗೆ ಬರೀ ಮೂರು ಸಾವಿರದ ವ್ಯತ್ಯಾಸಕ್ಕೆ ಆರು ಲಕ್ಷ ಹೋಯಿತು! ಅದಕ್ಕೇ ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ಲೆಕ್ಕ, ಕಂಟ್ರಾಕ್ಟರ್ ಕೊಟ್ಟ ಚೀಟಿ, ಏನು ಸಿಕ್ಕರೂ ಇಟ್ಟುಕೊಳ್ಳಿ, ಸಾಧ್ಯವಾದರೆ ಕಂಟ್ರಾಕ್ಟರ್‌ನನ್ನೇ ಸಾಕ್ಷಿ ಹೇಳಲು ಕರೆಸಿ. ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಹೆಂಗಸು ತೀರಿಕೊಂಡರೆ "ಆಕೆಗೆ ಆದಾಯವೇ ಇರಲಿಲ್ಲ" ಅನ್ನುವ ವಾದ ನಡೆಯುವುದಿಲ್ಲ. ಮನೆಗೆಲಸಕ್ಕೂ ಬೆಲೆ ಕಟ್ಟಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಬದುಕಿದವರ ಕೇಸಿನಲ್ಲಿ ನೋಡುವುದು ಅಂಗವೈಕಲ್ಯ ಅವರ ಕೆಲಸಕ್ಕೆ ಎಷ್ಟು ಅಡ್ಡಿ ಅನ್ನುವುದನ್ನು. ಕಾಲು ಕಳೆದುಕೊಂಡ ಡ್ರೈವರ್‌ಗೂ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವರಿಗೂ ಒಂದೇ ನಷ್ಟವಲ್ಲ, ಅಲ್ವಾ? ವೈದ್ಯರು ಸಾಕ್ಷಿ ಹೇಳುವಾಗ ಇದು ಬಾಯಿ ಬಿಟ್ಟು ಬರಬೇಕು. ಇನ್ನೊಂದು ಮಾತು, ಸತ್ತವರದ್ದೇ ಪೂರ್ತಿ ತಪ್ಪಾಗಿದ್ದರೆ 166ರಡಿ ಏನೂ ಸಿಗುವುದಿಲ್ಲ, ಸ್ವಲ್ಪ ತಪ್ಪಿದ್ದರೆ ಅಷ್ಟು ಪಾಲು ಕಡಿತ.

ಆಸ್ಪತ್ರೆ ಬಾಗಿಲಲ್ಲೇ ಬಂದು "ಕೇಸ್ ನಾವು ನೋಡ್ಕೋತೀವಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅನ್ನುವ ಏಜೆಂಟರನ್ನು ನಾನಂತೂ ನಂಬುವುದಿಲ್ಲ. ಪರಿಹಾರದಲ್ಲಿ ಪಾಲು ಕೇಳುವುದು ಬಾರ್ ಕೌನ್ಸಿಲ್ ನಿಯಮದಲ್ಲಿ ವಕೀಲರಿಗೇ ನಿಷಿದ್ಧ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ.

ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ ನಿಜ, ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಮೇಲಿನ ಸೂತ್ರದಲ್ಲಿ ಲೆಕ್ಕ ಹಾಕಿಕೊಂಡೇ ಒಳಗೆ ಹೋಗಿ. ನ್ಯಾಯಮಂಡಳಿ ಕೊಟ್ಟ ಮೊತ್ತ ಕಡಿಮೆ ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟ್‌ಗೆ ಹೋಗಬಹುದು. ಗುದ್ದಿದ ಗಾಡಿ ಯಾವುದೆಂದೇ ಗೊತ್ತಿಲ್ಲದಿದ್ದರೆ ದಾರಿ ಬೇರೆ: ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ, ಅದಕ್ಕೆ ಕೋರ್ಟ್ ಬೇಡ, ಅಪಘಾತವಾದ ಕಡೆಯ ಕಂದಾಯ ಅಧಿಕಾರಿಗೆ ಅರ್ಜಿ ಕೊಟ್ಟರಾಯಿತು.