ಆಗಸ್ಟ್‌ನಲ್ಲಿ ಹೊರಡುವ ನಮ್ಮೂರ ಮಕ್ಕಳಿಗೆ: ಸ್ಲೋ ಕುಕ್ಕರಿನಲ್ಲಿ ಪುಲ್ಡ್ ಪೋರ್ಕ್

ಪುನರ್ವಸು ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿದೆ. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ನಿನ್ನೆಯಿಂದ ಕರೆಂಟಿಲ್ಲ. ಉತ್ತರ ಕ್ಯಾರೊಲಿನಾದಲ್ಲಿ ನೆಲೆಸಿ 16 ವರ್ಷವಾದ ನಾನು ರಜೆಗೆ ಬಂದಿದ್ದೇನೆ ಅಂತ ಗೊತ್ತಾಗಿ, ನಿನ್ನೆ ಸಂಜೆ ಮೂರು ಮಕ್ಕಳು ಕೊಡೆ ಹಿಡಿದು ಬಂದಿದ್ದರು. ಒಬ್ಬ ಹಾನುಬಾಳಿನ ಹುಡುಗ, ಒಬ್ಬಳು ಬಣಕಲ್ ಹುಡುಗಿ, ಇನ್ನೊಬ್ಬ ಹಾಸನ ಪೇಟೆಯವನು. ಮೂವರೂ ಆಗಸ್ಟ್‌ನಲ್ಲಿ ಓದಲು ಅಮೆರಿಕಕ್ಕೆ ಹೊರಟಿದ್ದಾರೆ. ಬಾಡಿಗೆ, ಬ್ಯಾಂಕು, ಚಳಿ ಅಂಗಿ ಎಲ್ಲ ವಿಚಾರಿಸಿ ಆದ ಮೇಲೆ, ಎದ್ದು ಹೊರಡುವಾಗ ಬಣಕಲ್ ಹುಡುಗಿ ಕೇಳಿದಳು: "ಅಕ್ಕಾ, ಅಲ್ಲಿ ಹಂದಿ ಸಿಗುತ್ತಲ್ವಾ? ನಮ್ಮನೆ ಥರ ಮಾಡ್ಕೊಳ್ಳೋಕೆ ಆಗುತ್ತಾ?"

ಆ ಪ್ರಶ್ನೆಗೆ ನಿಂತಲ್ಲೇ ಉತ್ತರ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಅದಕ್ಕೇ ಪುಲ್ಡ್ ಪೋರ್ಕ್, ಅಂದರೆ ಮೆತ್ತಗೆ ಬೇಯಿಸಿ ಎಳೆಎಳೆಯಾಗಿ ಬಿಡಿಸಿದ ಹಂದಿ, ಮಾಡುವ ಬಗೆ ಬರೆಯುತ್ತಿದ್ದೇನೆ. ನಮ್ಮ ಕಡೆಯಿಂದ ಹೋಗುವ ಬೇರೆಯವರಿಗೂ ಉಪಯೋಗವಾಗಲಿ.

ಹಂದಿ ಧಾರಾಳವಾಗಿ ಸಿಗುತ್ತದೆ. ಕಷ್ಟ ಇರುವುದು ಯಾವ ಭಾಗ ತರಬೇಕು ಅನ್ನುವುದರಲ್ಲಿ. ಹೋದ ಮೊದಲ ವರ್ಷ ನಾನು ನೋಡೋಕೆ ಚೆನ್ನಾಗಿದೆ ಅಂತ ನೆಣವೇ ಇಲ್ಲದ, ಒಂದೇ ಬಣ್ಣದ ಉದ್ದನೆ ತುಂಡು ತಂದೆ. ಪ್ರೆಶರ್ ಕುಕ್ಕರಿನಲ್ಲಿ ಆರು ಸೀಟಿ ಕೂಗಿಸಿದೆ. ಅಮ್ಮ ಕಟ್ಟಿಕೊಟ್ಟ ಮಸಾಲೆಯನ್ನೇ ಹಾಕಿದ್ದೆ. ಆದರೂ ಬಾಯಿಗಿಟ್ಟರೆ ತೆಂಗಿನ ನಾರು ಅಗಿದ ಹಾಗಿತ್ತು. ಅವತ್ತು ರಾತ್ರಿ ತಟ್ಟೆ ಮುಂದೆ ಕೂತು ಅತ್ತುಬಿಟ್ಟೆ. ಮಸಾಲೆಯಲ್ಲಿ ಏನೋ ತಪ್ಪಿದೆ ಅಂತ ಒಂದು ವರ್ಷ ಅಂದುಕೊಂಡಿದ್ದೆ. ತಪ್ಪಿದ್ದು ತುಂಡು ಮತ್ತು ಹೊತ್ತು.

ನಾನು ತಂದಿದ್ದು ಲಾಯ್ನ್, ಅಂದರೆ ಬೆನ್ನಿನ ಮಾಂಸ. ನಿಮಗೆ ಬೇಕಾದ್ದು ಪೋರ್ಕ್ ಶೋಲ್ಡರ್, ಮುಂಗಾಲಿನ ಹೆಗಲು. ಅಂಗಡಿಯಲ್ಲಿ ಇದಕ್ಕೆ ಎರಡು ಹೆಸರು ಕಾಣುತ್ತದೆ. ಮೇಲಿನ ಭಾಗಕ್ಕೆ ಬಾಸ್ಟನ್ ಬಟ್ ಅಥವಾ ಪೋರ್ಕ್ ಬಟ್, ಕೆಳಗಿನ ಭಾಗಕ್ಕೆ ಪಿಕ್ನಿಕ್. ಬಟ್ ಅಂತ ಇದೆಯಲ್ಲ, ಹಿಂಭಾಗ ಇರಬೇಕು ಅಂತ ತುಂಬಾ ಜನ ಬಿಟ್ಟು ಬರುತ್ತಾರೆ. ಅದು ಹೆಗಲೇ. ನೋಡಿದರೆ ಗೊತ್ತಾಗುತ್ತದೆ: ಕೆಂಪು ಮಾಂಸದ ನಡುನಡುವೆ ಬಿಳಿ ನೆಣದ ಗೆರೆಗಳು, ಒಂದು ಕಡೆ ದಪ್ಪ ನೆಣದ ಪದರ. ಊರಿನಲ್ಲಿ ಹುಲ್ಲಿಗೆ ಸುಟ್ಟ ತೊಗಲಿನ ಸಮೇತ ತಿಂದವರಿಗೆ ಆ ಪದರ ನೋಡಿ ಸಮಾಧಾನ ಆಗುತ್ತದೆ. ಹೆಗಲು ಸಾಮಾನ್ಯವಾಗಿ ಲಾಯ್ನ್‌ಗಿಂತ ಅಗ್ಗವೂ ಹೌದು.

ಒಂದು ವಿಷಯ ಲೇಬಲ್ ಓದಿ ತಿಳಿದುಕೊಳ್ಳಿ. ಕೆಲವು ಪ್ಯಾಕೆಟ್ ಮೇಲೆ ಇಷ್ಟು ಶೇಕಡಾ ಸಲ್ಯೂಷನ್ ಸೇರಿಸಿದೆ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಅದು ಉಪ್ಪುನೀರು. ಅಂಥದ್ದು ತಂದರೆ ಉಪ್ಪು ಅರ್ಧಕ್ಕೆ ಇಳಿಸಿ.

ಈಗ ಹೊತ್ತಿನ ಮಾತು. ನಮ್ಮಮ್ಮ ಇವತ್ತಿಗೂ ಹಂದಿಯನ್ನು ಉರಿಯಲ್ಲಿ ಬೇಯಿಸಿ ಮುಗಿಸುವುದಿಲ್ಲ. ಒಂದು ಕುದಿ ಬಂದ ಮೇಲೆ ಸೌದೆ ಎಳೆದು, ಕಾಫಿ ಬೊಡ್ಡೆಯ ಕೆಂಡದ ಮೇಲೆ ಪಾತ್ರೆ ಬಿಟ್ಟು, ಮುಚ್ಚಳ ಮುಚ್ಚಿ ತೋಟಕ್ಕೆ ಹೋಗುತ್ತಾರೆ. ಬರುವ ಹೊತ್ತಿಗೆ ತೊಗಲು ಬೆರಳಿನಲ್ಲಿ ಒತ್ತಿದರೆ ಒಡೆಯುವಷ್ಟು ಮೆತ್ತಗೆ. ಹೆಗಲು ದಿನವಿಡೀ ದುಡಿಯುವ ಜಾಗ. ಅದರಲ್ಲಿ ಕೊಲಾಜೆನ್ ಅನ್ನುವ ಗಟ್ಟಿ ಪೊರೆ ಜಾಸ್ತಿ. ಬಿಸಿ ನಿಧಾನವಾಗಿ, ಗಂಟೆಗಟ್ಟಲೆ ತಾಗಿದಾಗ ಅದು ಕರಗಿ ಜೆಲಟಿನ್ ಆಗುತ್ತದೆ. ಕಾಲು ಸೂಪು ಆರಿದ ಮೇಲೆ ಗಟ್ಟಿಯಾಗಿ ಅಲುಗಾಡುತ್ತಲ್ಲ, ಅದೇ ಅಂಟು. ಮಾಂಸದ ಎಳೆಎಳೆಯ ನಡುವೆ ಆ ಅಂಟು ಇಳಿದಾಗಲೇ ನಾಲಿಗೆಗೆ ನಮ್ಮನೆ ರುಚಿ ಸಿಗುವುದು.

ಅಪಾರ್ಟ್‌ಮೆಂಟಿನಲ್ಲಿ ಕೆಂಡ ಎಲ್ಲಿಂದ ತರುತ್ತೀರಿ? ಒಗ್ಗರಣೆ ಸ್ವಲ್ಪ ಜಾಸ್ತಿ ಹೊಗೆಯಾದರೆ ಅಲಾರಂ ಬಡಿದುಕೊಳ್ಳುವ ಮನೆಗಳವು. ಕೆಂಡಕ್ಕೆ ಹತ್ತಿರದ್ದು ಅಂತ ನನಗೆ ಸಿಕ್ಕಿದ್ದು ಸ್ಲೋ ಕುಕ್ಕರ್. ಒಳಗೆ ಪಿಂಗಾಣಿಯಂಥ ದಪ್ಪ ಪಾತ್ರೆ, ಸುತ್ತ ಸಣ್ಣ ಬಿಸಿ, ಮೇಲೆ ಗಾಜಿನ ಮುಚ್ಚಳ, ಅಷ್ಟೇ. ಇರ್ವಿಂಗ್ ನ್ಯಾಕ್ಸನ್ ಅನ್ನುವವರು 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಊರಿನ ಬೇಕರಿಯ ಒಲೆ ಆರುತ್ತಾ ಬರುವ ಬಿಸಿಯಲ್ಲಿ ಇಡೀ ರಾತ್ರಿ ಬೇಯುತ್ತಿದ್ದ ಯಹೂದಿಗಳ ಕಾಳಿನ ಅಡುಗೆಯ ಕಥೆ ಅವರ ತಾಯಿ ಹೇಳಿದ್ದರಂತೆ. 1971ರಲ್ಲಿ ಅದೇ ಯಂತ್ರ ಕ್ರಾಕ್‌ಪಾಟ್ ಅನ್ನುವ ಹೆಸರಿನಲ್ಲಿ ಮನೆಮನೆಗೆ ಬಂತು. ಈಗಲೂ ಎಷ್ಟೋ ಜನ ಸ್ಲೋ ಕುಕ್ಕರಿಗೆ ಕ್ರಾಕ್‌ಪಾಟ್ ಅಂತಲೇ ಅನ್ನುತ್ತಾರೆ.

ಹೊಸದೇ ಬೇಕು ಅಂತಿಲ್ಲ. ಹಳೆ ಸಾಮಾನಿನ ಥ್ರಿಫ್ಟ್ ಅಂಗಡಿಗಳಲ್ಲಿ ಹುಡುಕಿ. ಪಾತ್ರೆ ಬಿರುಕು ಬಿಟ್ಟಿದೆಯಾ, ವೈರ್ ಸರಿ ಇದೆಯಾ ನೋಡಿ. ಮನೆಗೆ ತಂದು ಅರ್ಧ ನೀರು ತುಂಬಿ, ಲೋ ಅನ್ನುವ ಸಣ್ಣ ಬಿಸಿಯಲ್ಲಿ 8 ಗಂಟೆ ಇಟ್ಟು, ಮುಚ್ಚಳ ತೆಗೆದ ಕೂಡಲೇ ಥರ್ಮಾಮೀಟರ್ ಅದ್ದಿ. 185ರಿಂದ 200 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಒಳ್ಳೇ ಕುಕ್ಕರ್. ಕಡಿಮೆ ಬಂದರೆ ಆಸೆ ಬಿಟ್ಟುಬಿಡಿ, ಅಷ್ಟು ಬಿಸಿಯಲ್ಲಿ ಮಾಂಸ ಇಡುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಮೂರು ನಾಲ್ಕು ಜನ ಇರುವ ಮನೆಗೆ 6 ಕ್ವಾರ್ಟ್ ಸರಿ, ಅಂದರೆ ಸುಮಾರು 5.7 ಲೀಟರ್. ಊರಿಗೆ ಬರುವಾಗ ಅಮ್ಮನಿಗೆ ಅಂತ ಹೊತ್ತು ತರಬೇಡಿ. ಅಲ್ಲಿ 120 ವೋಲ್ಟ್, ಇಲ್ಲಿ 230. ನಾನು ತಂದು ಪ್ಲಗ್ ಹಾಕಿದ್ದು ಒಂದೇ ಸಲ, ಸುಟ್ಟ ವಾಸನೆ ಬಂದು ಮುಗಿಯಿತು.

ಇನ್ನು ಮಾಡುವುದು. 4 ಪೌಂಡ್ ಹೆಗಲು ತನ್ನಿ, ಸುಮಾರು 1.8 ಕೆಜಿ. ಫ್ರೀಜರಿನಲ್ಲಿದ್ದರೆ ಹಿಂದಿನ ದಿನವೇ ಫ್ರಿಜ್‌ಗೆ ಇಳಿಸಿ ಪೂರ್ತಿ ಕರಗಿಸಿ. ಗಟ್ಟಿ ಮಂಜಿನ ತುಂಡನ್ನು ಸ್ಲೋ ಕುಕ್ಕರಿಗೆ ಹಾಕಲೇಬಾರದು. ಕ್ರಿಮಿ ಬೆಳೆಯುವ ಬಿಸಿಯಲ್ಲೇ ಅದು ಗಂಟೆಗಟ್ಟಲೆ ಕೂತಿರುತ್ತದೆ. ಅರಿಸಿನ ಹಾಕಿ ತಿಕ್ಕಿ ತೊಳೆಯುವ ಅಭ್ಯಾಸ ನಮಗೆಲ್ಲ ಇದೆ. ಅಲ್ಲಿ ಪ್ಯಾಕೆಟ್ ಮಾಂಸ ತೊಳೆಯುವ ಅಗತ್ಯವಿಲ್ಲ, ಸಿಂಕೆಲ್ಲ ನೀರು ಸಿಡಿದು ಕೊಳಕು ಹರಡುತ್ತದೆ. ಪೇಪರ್ ಟವೆಲಿನಲ್ಲಿ ಒತ್ತಿ ಒರೆಸಿದರೆ ಸಾಕು.

ಪುಡಿ ಉಪ್ಪು ಒಂದು ದೊಡ್ಡ ಚಮಚ, ಬೆಲ್ಲದ ಪುಡಿ ಎರಡು, ತರಿತರಿ ಕುಟ್ಟಿದ ಕಾಳುಮೆಣಸು ಒಂದು, ಬ್ಯಾಡಗಿ ಮೆಣಸಿನಪುಡಿ ಒಂದು, ಜೀರಿಗೆ ಪುಡಿ ಒಂದು ಸಣ್ಣ ಚಮಚ. ಅಮೆರಿಕದವರು ಪ್ಯಾಪ್ರಿಕಾ ಹಾಕುವ ಕಡೆ ನಾನು ಬ್ಯಾಡಗಿ ಹಾಕುತ್ತೇನೆ. ಬಣ್ಣ ಇನ್ನೂ ಚೆನ್ನಾಗಿ ಬರುತ್ತದೆ, ಖಾರ ಜಾಸ್ತಿ ಇಲ್ಲ. ಇದಿಷ್ಟನ್ನೂ ಮಾಂಸದ ಎಲ್ಲಾ ಬದಿಗೆ ಕೈಯಿಂದ ಒತ್ತಿ ಹಚ್ಚಿ, ಮುಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ.

ಬೆಳಿಗ್ಗೆ ಕ್ಲಾಸಿಗೆ ಹೊರಡುವ ಮುಂಚೆ ಎರಡು ಈರುಳ್ಳಿ ದಪ್ಪಗೆ ಹೆಚ್ಚಿ ಪಾತ್ರೆಯ ತಳಕ್ಕೆ ಹರಡಿ. ಏಳೆಂಟು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ. ಅದರ ಮೇಲೆ ಮಾಂಸ, ನೆಣದ ಬದಿ ಮೇಲೆ ಬರಲಿ. ಅರ್ಧ ಕಪ್ ಆ್ಯಪಲ್ ಸೈಡರ್ ವಿನೆಗರ್, ಕಾಲು ಕಪ್ ನೀರು. ಇಷ್ಟೇನಾ ಅನ್ನಿಸುತ್ತದೆ. ಸಾಕು, ಮಾಂಸವೇ ನೀರು ಬಿಡುತ್ತದೆ. ಪಾತ್ರೆ ಅರ್ಧದಿಂದ ಮುಕ್ಕಾಲರೊಳಗೆ ತುಂಬಿರಲಿ. ಲೋನಲ್ಲಿ 8ರಿಂದ 10 ಗಂಟೆ. ಹೈನಲ್ಲಿ 5–6 ಗಂಟೆಗೂ ಆಗುತ್ತದೆ, ಆದರೆ ಹೆಗಲಿಗೆ ನಾನು ಲೋ ಬಿಟ್ಟು ಬೇರೆ ಇಡುವುದಿಲ್ಲ.

ಮುಚ್ಚಳ ತೆಗೆಯಬೇಡಿ. ಒಂದು ಸಲ ತೆಗೆದರೆ ಒಳಗಿನ ಆವಿ ಹೋಗಿ, ಮತ್ತೆ ಆ ಬಿಸಿಗೆ ಬರಲು 20–30 ನಿಮಿಷ ಹಿಡಿಯುತ್ತದೆ. ಘಮಕ್ಕೆ ತಡೆಯೋಕೆ ಆಗಲ್ಲ ಅಂತ ನನಗೂ ಗೊತ್ತು. ಆದರೂ ಬೇಡ.

ಆಯಿತಾ ಅಂತ ನೋಡುವ ಬಗೆ ಹೇಳುತ್ತೇನೆ. ಫೋರ್ಕನ್ನು ಮಾಂಸದ ನಡುವೆ ಚುಚ್ಚಿ ಕೀಲಿ ತಿರುಗಿಸಿದ ಹಾಗೆ ತಿರುಗಿಸಿ. ಎಳೆಗಳು ತಾವಾಗಿಯೇ ಬಿಚ್ಚಿಕೊಂಡರೆ ಆಯಿತು. ಫೋರ್ಕಿನ ಜೊತೆ ಇಡೀ ತುಂಡೇ ತಿರುಗಿದರೆ ಇನ್ನೊಂದು ಗಂಟೆ ಬೇಕು. ಮೂಳೆ ಇರುವ ತುಂಡಾದರೆ ಹೆಗಲ ಮೂಳೆಯ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಬಿಳಿಯಾಗಿ, ಒಂದು ಚೂರೂ ಮಾಂಸ ಅಂಟದೆ ಕೈಗೆ ಬರುತ್ತದೆ. ನನಗೆ ಅದು ಮೊದಲ ಸಲ ಹಾಗೆ ಬಂದ ದಿನ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದ್ದೆ. ಥರ್ಮಾಮೀಟರ್ ಇದ್ದರೆ 195ರಿಂದ 205 ಡಿಗ್ರಿ ಫ್ಯಾರನ್‌ಹೀಟ್ ಬರಬೇಕು. 145 ಡಿಗ್ರಿಗೆ ಬಂದು ಮೂರು ನಿಮಿಷ ಬಿಟ್ಟರೆ ಇಡೀ ತುಂಡು ತಿನ್ನಲು ಸುರಕ್ಷಿತ ಅಂತ ಅಲ್ಲಿನ ಸರ್ಕಾರವೇ ಹೇಳುತ್ತದೆ. ಆದರೆ ಆ ಬಿಸಿಯಲ್ಲಿ ಹೆಗಲು ಎಳೆ ಬಿಡುವುದಿಲ್ಲ.

ತೆಗೆದು 15 ನಿಮಿಷ ಆರಲು ಬಿಡಿ. ಎರಡು ಫೋರ್ಕ್ ಹಿಡಿದು ಎಳೆಎಳೆಯಾಗಿ ಬಿಡಿಸಿ, ಅದಕ್ಕೇ ಪುಲ್ಡ್ ಪೋರ್ಕ್ ಅಂತ ಹೆಸರು. ಪಾತ್ರೆಯಲ್ಲಿ ಉಳಿದ ರಸ ಚೆಲ್ಲಬೇಡಿ. ಮೇಲೆ ತೇಲುವ ನೆಣ ತೆಗೆದು, ರಸವನ್ನು ಬಾಣಲೆಯಲ್ಲಿ ಅರ್ಧಕ್ಕೆ ಬತ್ತಿಸಿ ಮಾಂಸಕ್ಕೆ ಬೆರೆಸಿ. ಇದನ್ನು ಬಿಟ್ಟರೆ ಮಾಂಸ ಸಪ್ಪೆ.

ತಿನ್ನುವುದು ಎರಡು ರೀತಿ. ಅಲ್ಲಿಯವರು ಬನ್ನಿನೊಳಗೆ ಮಾಂಸ ತುಂಬಿ, ಹಸಿ ಕೋಸನ್ನು ಸಣ್ಣಗೆ ಹೆಚ್ಚಿ ಕಲಸಿದ ಸ್ಲಾ ಜೊತೆ ಕೊಡುತ್ತಾರೆ. ಉತ್ತರ ಕ್ಯಾರೊಲಿನಾದ ಪೂರ್ವದ ಕಡೆ ಇಡೀ ಹಂದಿ ಸುಟ್ಟು, ಬರೀ ವಿನೆಗರ್, ಉಪ್ಪು, ಮೆಣಸಿನ ಸಾಸ್ ಹಾಕುತ್ತಾರೆ. ಟೊಮೆಟೊ ಸೋಕಿಸುವುದಿಲ್ಲ. ಪಶ್ಚಿಮದ ಲೆಕ್ಸಿಂಗ್ಟನ್ ಕಡೆ ಹೆಗಲು ಮಾತ್ರ, ವಿನೆಗರಿಗೆ ಸ್ವಲ್ಪ ಕೆಚಪ್. ಆ ಊರಿನಲ್ಲಿ 1984ರಿಂದ ಅಕ್ಟೋಬರಿನಲ್ಲಿ ಇದರದ್ದೇ ಹಬ್ಬ ನಡೆಯುತ್ತದೆ. ಆ ಪೂರ್ವದ ಸಾಸನ್ನು ಮೊದಲ ಸಲ ನಾಲಿಗೆಗೆ ಇಟ್ಟಾಗ ನಾನು ಬೆರಗಾದೆ. ಹುಳಿ, ಉಪ್ಪು, ಖಾರ, ಮೂರೇ. ನಮ್ಮ ಉಪ್ಪಾಗೆ ಹಣ್ಣಿನ ಹುಳಿ, ಕಾಳುಮೆಣಸು ಹಾಕಿದ ಹಂದಿಯ ನೆಂಟ ಅದು. ಒಂದು ಮಾತು: ಸ್ಲೋ ಕುಕ್ಕರಿನಲ್ಲಿ ಮಾಡಿದ್ದನ್ನು ಅಲ್ಲಿಯವರ ಮುಂದೆ ಬಾರ್ಬೆಕ್ಯೂ ಅನ್ನಬೇಡಿ. ಸೌದೆಯ ಕೆಂಡದ ಮೇಲೆ ರಾತ್ರಿಯಿಡೀ ಕಾದು ಸುಟ್ಟಿದ್ದು ಮಾತ್ರ ಅವರಿಗೆ ಬಾರ್ಬೆಕ್ಯೂ. ಅದರಲ್ಲಿ ನ್ಯಾಯ ಇದೆ.

ನಮ್ಮ ರೀತಿ ಹೀಗೆ: ದಪ್ಪ ಬಾಣಲೆಯಲ್ಲಿ ಆ ತೆಗೆದಿಟ್ಟ ನೆಣವನ್ನೇ ಒಂದು ಚಮಚ ಕಾಯಿಸಿ, ಕರಿಬೇವು, ಸೂಜಿ ಮೆಣಸು ಇಲ್ಲವೇ ಹಸಿಮೆಣಸು, ಈರುಳ್ಳಿ ಹಾಕಿ ಕೆಂಪಾಗಿಸಿ. ಎಳೆದ ಮಾಂಸ ಎರಡು ಹಿಡಿ ಹಾಕಿ, ಕೈ ಆಡಿಸದೆ ಎರಡು ನಿಮಿಷ ಬಿಡಿ. ಅಂಚು ಗರಿಗರಿ ಆಗಬೇಕು. ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ. ಉಪ್ಪಾಗೆ ರಸ ಬತ್ತಿಸಿದ ಕಪ್ಪು ಹುಳಿ, ಕೊಡಗಿನವರ ಕಾಚಂಪುಳಿ, ಸಿಕ್ಕಿದರೆ ಅರ್ಧ ಚಮಚ. ಇಲ್ಲದಿದ್ದರೆ ನಿಂಬೆ. ಅಕ್ಕಿ ರೊಟ್ಟಿ ಜೊತೆ ತಿನ್ನಿ. ಕಡುಬು ಮಾಡಿಕೊಳ್ಳುವ ತಾಳ್ಮೆ ಇದ್ದರೆ, ಬತ್ತಿಸದ ರಸವನ್ನೇ ಸ್ವಲ್ಪ ಉಳಿಸಿಕೊಂಡು ಅದರಲ್ಲಿ ಅದ್ದಿ.

4 ಪೌಂಡ್ ಮಾಂಸ ಬೆಂದ ಮೇಲೆ ಇಳಿದುಹೋಗುತ್ತದೆ, ಆದರೂ ಒಬ್ಬರಿಗೆ ವಾರದ ಅಡುಗೆ. ಎರಡು ಗಂಟೆಯೊಳಗೆ ಸಣ್ಣ ಡಬ್ಬಿಗಳಲ್ಲಿ ಹಂಚಿ ಫ್ರಿಜ್‌ಗೆ ಸೇರಿಸಿ. ಮೂರು ನಾಲ್ಕು ದಿನಕ್ಕಿಂತ ಜಾಸ್ತಿ ಇಡಬೇಡಿ, ಉಳಿದದ್ದು ಫ್ರೀಜರಿಗೆ. ಬಿಸಿ ಮಾಡುವಾಗ ಒಲೆಯ ಮೇಲೆ ಇಲ್ಲವೇ ಮೈಕ್ರೊವೇವ್‌ನಲ್ಲಿ ಹಬೆಯಾಡುವ ತನಕ ಕಾಯಿಸಿ. ಸ್ಲೋ ಕುಕ್ಕರ್ ಇದಕ್ಕಾಗದು.

ಕುಕ್ಕರ್ ಇದೆಯಲ್ಲ ಅಂತ ಹಸಿ ರಾಜ್ಮಾ ಅದಕ್ಕೆ ಹಾಕಿಬಿಡಬೇಡಿ. ಅದರಲ್ಲಿ ಹೊಟ್ಟೆ ಕೆಡಿಸುವ ವಿಷದ ಅಂಶ ಇದೆ, ಸಣ್ಣ ಬಿಸಿಗೆ ಹೋಗುವುದಿಲ್ಲ. ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿದ ಮೇಲೆ ಹಾಕಿ.

ಹಾಸನದ ಹುಡುಗನಿಗೆ ಸಿಕ್ಕಿರುವ ರೂಮ್‌ಮೇಟ್‌ಗಳಲ್ಲಿ ಒಬ್ಬ ಸಸ್ಯಾಹಾರಿ, ಒಬ್ಬ ಮುಸ್ಲಿಂ ಹುಡುಗ. ಅವನಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ. ಮೊದಲ ದಿನವೇ ಕೂತು ಕೇಳಿ. ನಿಮ್ಮ ಪಾತ್ರೆ, ಚಾಕು, ಮಣೆ ಬೇರೆ ಇಟ್ಟುಕೊಳ್ಳಿ. ಫ್ರಿಜ್‌ನಲ್ಲಿ ಕೆಳಗಿನ ಅರೆ ನಿಮ್ಮದಾಗಲಿ, ಡಬ್ಬಿ ಮೇಲೆ ಹೆಸರು ಬರೆಯಿರಿ. 9 ಗಂಟೆ ಮನೆಯೆಲ್ಲ ಹಂದಿಯ ಘಮ ತುಂಬಿರುತ್ತದೆ, ಅದು ಅವರಿಗೆ ಕಷ್ಟವಾದರೆ ಅವರಿಲ್ಲದ ದಿನ ಮಾಡಿ. ಕನ್ನಡ ಸಂಘದ ಊಟಕ್ಕೆ ಒಯ್ದರೆ ಪಾತ್ರೆಯ ಮುಂದೆ ಹಂದಿ ಅಂತ ದೊಡ್ಡದಾಗಿ ಚೀಟಿ ಇಡಿ.

ಹೊರಡುವಾಗ ಹಂದಿ ಉಪ್ಪಿನಕಾಯಿ, ಒಣಮಾಂಸ ಏನೂ ಬ್ಯಾಗಿಗೆ ಹಾಕಬೇಡಿ. ಭಾರತದಿಂದ ಮಾಂಸ ಒಳಗೆ ಬಿಡುವುದಿಲ್ಲ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡವೂ ಇದೆ. ಅಮ್ಮ ಇವತ್ತು ಬೆಳಿಗ್ಗೆ ಅಟ್ಟದಿಂದ ಹೋದ ವರ್ಷದ ಕಾಳುಮೆಣಸು ಇಳಿಸಿ, ಮೂವರಿಗೂ ಅರ್ಧರ್ಧ ಕೆಜಿ ತೂಗಿ ಕಟ್ಟಿದ್ದಾರೆ. ಮೇಲೆ ಹೆಸರು ಬರೆದು ಅಂಟಿಸಿದ್ದೇನೆ. ಅಲ್ಲಿ ಇಳಿದಾಗ ತಿನ್ನುವ ಪದಾರ್ಥ ಇದೆ ಅಂತ ಕಸ್ಟಮ್ಸ್‌ನವರಿಗೆ ಹೇಳಿ, ಕೇಳಿದರೆ ಬಿಚ್ಚಿ ತೋರಿಸಿ. ಶನಿವಾರ ಬಂದು ತೆಗೆದುಕೊಂಡು ಹೋಗಿ, ಅವತ್ತು ಮನೆಯಲ್ಲಿ ಕಳಲೆ ಹಾಕಿ ಹಂದಿ ಮಾಡುತ್ತಿದ್ದೇವೆ.